ಮುಂದಿನ ಕೋಣೆಯ ಕೈಗಾರಿಕಾ ವಿವಾದ

ಕಾರ್ಮಿಕ ಇಲಾಖೆಯ ದಾಖಲೆಯ ಪ್ರಕಾರ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಪ್ರಕಾಶಕನಿಗೂ ಅವನ ಕೈಕೆಳಗೆ ದುಡಿಯುವ ಒಬ್ಬ ಲೇಖಕನಿಗೂ ನಡುವೆ ಕೈಗಾರಿಕಾ ವಿವಾದ ತಲೆದೋರಿ, ಐದು ವಾರ ನಡೆದು, ಸೌಹಾರ್ದಯುತವಾಗಿ ಇತ್ಯರ್ಥವಾಗಿದೆ. ಪ್ರಕಾಶಕ ನಾನು. ಲೇಖಕನೂ ನಾನೇ. ಕೋಣೆ ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಅಗಲ.

ನಾನು ಹದಿನೆಂಟು ವರ್ಷ ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವನು. ಶಾಲೆಗೆ ಹೋದದ್ದು ಮೂರನೇ ತರಗತಿಯವರೆಗೆ. ಅಕ್ಷರ ಗಟ್ಟಿಯಾದದ್ದು ಗಿರಣಿಯ ನೋಟಿಸ್ ಬೋರ್ಡಿನ ಮುಂದೆ. ದಂಡ, ಅಮಾನತು, ವಜಾ ಎಂಬ ಪದಗಳನ್ನು ನಾನು ನನ್ನ ಹೆಸರಿಗಿಂತ ಬೇಗ ಓದುತ್ತೇನೆ. ಗೇಟಿನ ಮುಂದೆ ನಿಂತು ಕೂಗಿದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಕೂಗಲು ಗೇಟು ಇಲ್ಲದಾದ ಮೇಲೆ ಬರೆಯಲು ಕೂತೆ. 'ಗೇಟಿನ ಹೊರಗಿನಿಂದ ನೂರು ಪ್ರಶ್ನೆಗಳು' ಎಂಬ ಪುಸ್ತಕವಾಯಿತು. ಒಬ್ಬ ಪ್ರಕಾಶಕರು ಇದರಲ್ಲಿ ಸಿಟ್ಟು ಜಾಸ್ತಿ ಅಂದರು. ಇನ್ನೊಬ್ಬರು ಅರವತ್ತು ಪ್ರಶ್ನೆ ಸಾಕು ಅಂದರು. ಮೂರನೆಯವರು ನನ್ನನ್ನೇ ಒಂದು ಪ್ರಶ್ನೆ ಕೇಳಿದರು: "ನೀವು ಯಾರು?"

ಹಾಗಾಗಿ ನಾನೇ ಅಚ್ಚು ಹಾಕಿಸಿದೆ. ಐನೂರು ಪ್ರತಿ. ಬಿಡಿ ಹಾಳೆಗಳಾಗಿ ತಂದರೆ ಅಗ್ಗ ಎಂದು ಹಾಗೇ ತಂದೆ. ಐನೂರು ಪುಸ್ತಕಗಳ ಬೆನ್ನನ್ನೂ ಹೊಲಿದವಳು ನನ್ನ ಹೆಂಡತಿ, ತನ್ನ ಹೊಲಿಗೆ ಯಂತ್ರದಲ್ಲಿ. ಪುಸ್ತಕದ ಮೊದಲ ಪುಟದಲ್ಲಿ ನಾನು ಹದಿನೇಳು ಜನರಿಗೆ ಕೃತಜ್ಞತೆ ಹೇಳಿದ್ದೇನೆ. ಅವಳ ಹೆಸರು ಅಲ್ಲಿಲ್ಲ. ಮನೆಯವರಿಗೆ ಕೃತಜ್ಞತೆ ಹೇಳಿದರೆ ಸ್ವಜನಪಕ್ಷಪಾತವಾಗುತ್ತದೆ ಎಂಬುದು ನನ್ನ ತತ್ವ.

ಏನು ಮಾಡ್ತೀರಿ ಎಂದು ಯಾರಾದರೂ ಕೇಳಿದರೆ "ಬರೆದು ಬದುಕ್ತೀನಿ" ಎನ್ನುತ್ತಿದ್ದೆ. ಸುಳ್ಳಲ್ಲ. ನಾನು ಬರೆಯುತ್ತಿದ್ದೆ. ಬದುಕಿಯೂ ಇದ್ದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿಲ್ಲ, ಅಷ್ಟೇ. ಮನೆ ನಡೆಯುತ್ತಿದ್ದದ್ದು ಮುಂದಿನ ಕೋಣೆಯ ಕಿಟಕಿಯ ಕೆಳಗೆ. ಅಲ್ಲಿ ಅವಳು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮನೆಯಲ್ಲಿ ಇರುವುದು ಅದೊಂದೇ ಕಿಟಕಿ.

ಹೀಗಿರುವಾಗ ಕಾರ್ಮಿಕ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ಕಾರ್ಮಿಕರ ವಾಚನಾಲಯಗಳಿಗೆ ಪುಸ್ತಕ ಕೊಳ್ಳಲಾಗುವುದು. ಇಲಾಖೆಯಲ್ಲಿ ನೋಂದಾಯಿಸಿದ ಪ್ರಕಾಶನ ಸಂಸ್ಥೆಗಳಿಂದ ಮಾತ್ರ. ನಾನು ನೋಂದಣಿಗೆ ಹೋದೆ. ಗುಮಾಸ್ತರು ಅರ್ಜಿ ಮುಂದಿಟ್ಟರು.

"ಇಲ್ಲಿ ಪ್ರಕಾಶಕರ ಸಹಿ, ಇಲ್ಲಿ ಲೇಖಕರ ಸಹಿ."

"ಎರಡೂ ನಾನೇ ಸಾರ್."

"ಇರಬಹುದು. ಆದ್ರೆ ಎರಡು ಸಹಿ ಒಂದೇ ಥರ ಇದ್ರೆ ಫೋರ್ಜರಿ ಆಗುತ್ತೆ."

"ನನ್ನ ಸಹೀನ ನಾನೇ ಹಾಕಿದ್ರೂನಾ?"

"ಯಾರು ಹಾಕಿದ್ರು ಅನ್ನೋದು ನಮಗೆ ಕಾಣಲ್ಲ. ನಮಗೆ ಕಾಣೋದು ಸಹಿ."

ಬಲಗೈಯಲ್ಲಿ ಲೇಖಕನಾಗಿಯೂ ಎಡಗೈಯಲ್ಲಿ ಪ್ರಕಾಶಕನಾಗಿಯೂ ಸಹಿ ಹಾಕಿದೆ. ಗುಮಾಸ್ತರು ಎಡಗೈ ಸಹಿಯನ್ನು ಬಹಳ ಮೆಚ್ಚಿದರು. "ನೋಡಿ, ಇದು ದೊಡ್ಡ ಮನುಷ್ಯರ ಸಹಿ ಥರ ಇದೆ. ಏನೂ ಓದಕ್ಕಾಗಲ್ಲ."

ಅರ್ಜಿಯಲ್ಲಿ ಇನ್ನೂ ಕೆಲವು ಅಂಕಣಗಳಿದ್ದವು. ಕಾರ್ಮಿಕರ ಸಂಖ್ಯೆ ಎಂಬಲ್ಲಿ 'ಒಂದು' ಎಂದು ಬರೆದೆ. ಒಬ್ಬನೂ ಇಲ್ಲದಿದ್ದರೆ ಅದೆಂಥ ಸಂಸ್ಥೆ? ದಿನದ ದುಡಿಮೆ: ಹದಿನಾರು ಗಂಟೆ. ವಾರದ ರಜೆ: ಇಲ್ಲ. ವಿಶ್ರಾಂತಿ: ಇಲ್ಲ. ಊಟದ ಬಿಡುವು: ನೆನಪಾದರೆ. ಎಂಟು ಗಂಟೆಗಿಂತ ಹೆಚ್ಚು ದುಡಿಸುವವನನ್ನು ಏನೆಂದು ಕರೆಯಬೇಕು ಎಂಬುದು ನನ್ನ ಪುಸ್ತಕದ ಹನ್ನೆರಡನೇ ಪ್ರಶ್ನೆ. ಅದನ್ನು ಬರೆದವನೇ ಇದನ್ನೂ ಬರೆದೆ. ಲೇಖಕನ ನಿಷ್ಠೆ ಇಲಾಖೆಗೆ ಗೊತ್ತಾಗಲಿ ಎಂಬ ಜಂಬ. ವಾಸ್ತವದಲ್ಲಿ ನಾನು ದಿನಕ್ಕೆ ಎರಡು ಗಂಟೆ ಬರೆದರೆ ಹೆಚ್ಚು.

ಗಿರಣಿಯಲ್ಲಿ ಹತ್ತಿಯ ಧೂಳು ಕುಡಿದು ಕೆಮ್ಮುತ್ತಿದ್ದಾಗ, ಇನ್ಸ್‌ಪೆಕ್ಟರನ್ನು ಕಳಿಸಿ ಎಂದು ನಾನು ಇದೇ ಇಲಾಖೆಗೆ ನಲವತ್ತೊಂದು ಮನವಿ ಬರೆದಿದ್ದೆ. ಹದಿನೆಂಟು ವರ್ಷದಲ್ಲಿ ಒಬ್ಬರೂ ಬರಲಿಲ್ಲ. ನನ್ನ ಮನೆಗೆ ಒಂಬತ್ತನೇ ದಿನ ಬಂದರು. ನಾನು ಇದನ್ನು ಪ್ರಸ್ತಾಪಿಸಿದಾಗ ಇನ್ಸ್‌ಪೆಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ.

"ಗಿರಣಿಗೆ ಗೇಟ್ ಇದೆ, ಕಾವಲಿನವನಿದ್ದಾನೆ. ನಿಮ್ಮ ಮನೆ ಬಾಗಿಲು ತೆಗೆದೇ ಇತ್ತಲ್ಲ," ಅಂದರು.

ಅವರು ಕೋಣೆಯನ್ನು ಟೇಪು ಹಿಡಿದು ಅಳೆದರು. ಆಮೇಲೆ, ಕಾರ್ಮಿಕ ನಿರ್ಭಯವಾಗಿ ಮಾತಾಡಲೆಂದು ಪ್ರಕಾಶಕನನ್ನು ಹೊರಗೆ ಕಳಿಸಿದರು. ನಾನು ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ಲೇಖಕನಾಗಿ ಒಳಗೆ ಬಂದೆ.

"ಹೆದರ್ಬೇಡಿ ಪಾಪ, ಹೇಳಿ. ಮಾಲೀಕ ಹೊಡೀತಾನಾ?"

"ಹೊಡೆಯಲ್ಲ ಸಾರ್. ಬೈತಾನೆ."

"ಏನಂತ?"

"ಇದೂ ಒಂದು ವಾಕ್ಯಾನಾ ಅಂತ."

'ಮಾನಸಿಕ ಕಿರುಕುಳ' ಎಂದು ಬರೆದುಕೊಂಡರು. ಅಷ್ಟರಲ್ಲಿ ಅವರ ಕಣ್ಣು ಕಿಟಕಿಯ ಕಡೆ ಹೋಯಿತು.

"ಈ ಯಂತ್ರ ಯಾರದು?"

"ನನ್ನದು," ಅಂದಳು ಹೆಂಡತಿ, ಪೆಡಲು ನಿಲ್ಲಿಸದೆ.

"ನೀವು ಈ ಸಂಸ್ಥೆಗೆ ಏನಾಗ್ಬೇಕು?"

"ಇವರ ಹೆಂಡ್ತಿ."

"ಇವರ ಅಂದ್ರೆ? ಲೇಖಕರ ಹೆಂಡತಿಯೋ, ಪ್ರಕಾಶಕರ ಹೆಂಡತಿಯೋ?"

"ಊಟಕ್ಕೆ ಇಬ್ರೂ ಒಂದೇ ತಟ್ಟೆ ಮುಂದೆ ಕೂರ್ತಾರೆ ಸಾರ್. ನಾನು ಬೇರೆ ಮಾಡಿ ನೋಡಿಲ್ಲ."

ಮೂರು ದಿನದಲ್ಲಿ ಆದೇಶ ಬಂತು. ನಿಯಮ ಹದಿನಾಲ್ಕರ ಉಪನಿಯಮ ಎರಡರಂತೆ, ಸಂಸ್ಥೆಗೆ ಸೇರದ ಚಾಲನಾ ಯಂತ್ರವೊಂದು ಕಾರ್ಮಿಕನಿಂದ ಆರು ಅಡಿಯೊಳಗೆ ಇರುವುದು ಕಂಡುಬಂದಿದೆ. ಹದಿನೈದು ದಿನದೊಳಗೆ ಅದನ್ನು ಕಾರ್ಯಸ್ಥಳದಿಂದ ತೆರವುಗೊಳಿಸತಕ್ಕದ್ದು. ತಪ್ಪಿದಲ್ಲಿ ಸಂಸ್ಥೆಯನ್ನು ಮುಚ್ಚಿ, 'ನಾನು ಬರಹದಿಂದ ಜೀವನ ನಡೆಸುತ್ತಿಲ್ಲ' ಎಂದು ನಮೂನೆ ಏಳರಲ್ಲಿ ಘೋಷಿಸತಕ್ಕದ್ದು.

ಯಂತ್ರವನ್ನು ತೆರವುಗೊಳಿಸಿದರೆ ಇಡಬೇಕಾದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಒಲೆ ಇದೆ, ಪಾತ್ರೆ ಇದೆ, ಹಗಲೂ ಕತ್ತಲೆ ಇದೆ. ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ದಾರ ಅಲ್ಲಿ ಯಾರಿಗೂ ಕಾಣುವುದಿಲ್ಲ. ಶಾಲೆ ತೆರೆಯಲು ಎಂಟು ವಾರ ಇತ್ತು. ಸಮವಸ್ತ್ರ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಶಾಲೆಯವರು ಮುಂದಿನ ವರ್ಷದಿಂದ ಬೇರೆಯವರಿಗೆ ಕೊಡುತ್ತಾರೆ.

"ಆ ನಮೂನೆ ಏಳು ತಂದು ಒಂದು ಸಹಿ ಹಾಕ್ಬಿಡಿ," ಅಂದಳು.

"ಯಾವ ಕೈಲಿ?"

"ಯಾವುದು ಖಾಲಿ ಇದೆಯೋ ಅದರಲ್ಲಿ. ಎರಡೂ ಖಾಲೀನೇ ಅಲ್ವಾ?"

"ಅದು ಸುಳ್ಳು ಘೋಷಣೆ ಆಗುತ್ತೆ ಕಣೇ."

ಯಂತ್ರ ನಿಂತಿತು. ನಮ್ಮ ಮನೆಯಲ್ಲಿ ಅದು ನಿಲ್ಲುವುದು ದಾರ ತುಂಡಾದಾಗ, ಇಲ್ಲವೇ ನಾನು ಏನಾದರೂ ಹೇಳಿದಾಗ.

"ಸುಳ್ಳಾ?" ಅಂದಳು. ಮತ್ತೆ ಪೆಡಲು ತುಳಿದಳು.

ಒಂದೇ ಒಂದು ಸಹಿಯಿಂದ ಎಲ್ಲವೂ ಮುಗಿಯುತ್ತಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆ ಸಹಿ ಹಾಕಿದರೆ ನಾನು ಕೆಲಸವಿಲ್ಲದ ಗಿರಣಿಯವನು. ಹಾಕದಿದ್ದರೆ ಲೇಖಕ. ನಾನು ಹಾಕಲಿಲ್ಲ.

ಗುಮಾಸ್ತರೇ ದಾರಿ ತೋರಿಸಿದರು. "ಸಂಸ್ಥೆಯಲ್ಲಿ ವಿವಾದ ಬಾಕಿ ಇದ್ರೆ ಯಾವ ಆದೇಶಾನೂ ಜಾರಿ ಆಗಲ್ಲ. ಯಂತ್ರ ಇದ್ದಲ್ಲೇ ಇರುತ್ತೆ. ನಿಮ್ಮ ಲೇಖಕರ ಕೈಲಿ ಒಂದು ಬೇಡಿಕೆ ಪಟ್ಟಿ ಕೊಡ್ಸಿ."

ಇದು ನನಗೆ ತಿಳಿದ ಕೆಲಸ. ಲೇಖಕ ಆರು ಬೇಡಿಕೆಗಳನ್ನು ಬರೆದು, ಪ್ರಕಾಶಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ. ಪೋಸ್ಟ್‌ಮ್ಯಾನ್ ಬಂದಾಗ ನಾನು ಎಡಗೈಯಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಪ್ರಕಾಶಕನ ಉತ್ತರ ಹೀಗಿತ್ತು: 'ಸಂಸ್ಥೆಯ ಪರಿಸ್ಥಿತಿ ಸೂಕ್ಷ್ಮವಾಗಿದೆ. ನಾವೆಲ್ಲ ಒಂದೇ ಕುಟುಂಬದವರಿದ್ದಂತೆ. ಹೊರಗಿನವರ ಮಾತು ಕೇಳಿ ಹಾಳಾಗಬೇಡಿ.' ನನ್ನ ಪುಸ್ತಕದ ಮೊದಲ ಪ್ರಶ್ನೆ ಬರೆಯಲು ನನಗೆ ನಾಲ್ಕು ತಿಂಗಳು ಹಿಡಿದಿತ್ತು. ಈ ಉತ್ತರಕ್ಕೆ ಹತ್ತು ನಿಮಿಷ ಸಾಕಾಯಿತು. ಓದಿ ಲೇಖಕನಿಗೆ ಮೈಯೆಲ್ಲ ಉರಿಯಿತು.

ರಾಜಿ ಅಧಿಕಾರಿಯ ಎದುರು ಮೊದಲ ವಿಚಾರಣೆ ನಡೆಯಿತು. ಅಧಿಕಾರಿ ಮೇಡಂ ಕಟ್ಟುನಿಟ್ಟಿನವರು. ಮೇಜಿನ ಆಚೆ ಈಚೆ ಎರಡು ಕುರ್ಚಿ ಹಾಕಿಸಿದ್ದರು. ಯಾರ ಪರವಾಗಿ ಮಾತಾಡುತ್ತೇನೋ ಅವರ ಕುರ್ಚಿಯಲ್ಲಿ ಕೂರಬೇಕು; ನಿಂತುಕೊಂಡು ಆಡಿದ ಮಾತು ದಾಖಲಾಗುವುದಿಲ್ಲ. ಕಾರ್ಮಿಕನ ಕುರ್ಚಿಗೆ ಮೂರೂವರೆ ಕಾಲು. ಪ್ರಕಾಶಕನ ಕುರ್ಚಿಗೆ ಮೆತ್ತೆ. ಜವಾನ ಟೀ ತಂದು ಪ್ರಕಾಶಕನ ಮುಂದೆ ಇಟ್ಟ. ಲೇಖಕನಿಗೆ ಕೊಡುವ ಪದ್ಧತಿ ಇಲ್ಲ.

"ವಾರದ ರಜೆ ಕೊಡ್ತೀರಾ?" ಎಂದು ಮೇಡಂ ಪ್ರಕಾಶಕನನ್ನು ಕೇಳಿದರು.

"ರಜೆ ಕೊಟ್ರೆ ಇವನು ಯೋಚನೆ ಮಾಡ್ತಾ ಕೂರ್ತಾನೆ ಮೇಡಂ. ಅದೂ ಕೆಲಸಾನೇ ಅಂತಾನೆ. ಆಮೇಲೆ ಅದಕ್ಕೂ ರಜೆ ಕೇಳ್ತಾನೆ."

ಮಾತು ಬಾಯಿಂದ ಸಲೀಸಾಗಿ ಬಂತು. ನಾನು ಎದ್ದು ಆ ಕಡೆ ಹೋಗಿ, ಅಲುಗಾಡುತ್ತ ಕೂತು, ಬಲವಾಗಿ ಪ್ರತಿಭಟಿಸಿದೆ. ಮತ್ತೆ ಈ ಕಡೆ ಬಂದು ಟೀ ಕುಡಿದೆ. ವಿಚಾರಣೆ ಮುಗಿಯುವ ಹೊತ್ತಿಗೆ ಈ ಕಡೆಗೆ ಬರುವಾಗ ನನ್ನ ನಡಿಗೆ ಚುರುಕಾಗಿತ್ತು ಎಂದು ಆಮೇಲೆ ಗುಮಾಸ್ತರು ಹೇಳಿದರು.

ಮಾತುಕತೆ ಮುರಿದುಬಿತ್ತು. ಲೇಖಕ ಮುಷ್ಕರ ಹೂಡಿದ. ಬೆಂಬಲಕ್ಕೆ ಗಿರಣಿಯ ಹಳೇ ಸಂಗಾತಿಗಳು ಹನ್ನೊಂದು ಜನ ಬಂದರು. ಅವರ ಮುಂದಾಳನ್ನು ನಾವು ಧಿಕ್ಕಾರಣ್ಣ ಎನ್ನುತ್ತೇವೆ. ಅವನಿಗೆ ಬೇರೆ ಹೆಸರು ಇತ್ತು, ಅವನಿಗೇ ಮರೆತುಹೋಗಿದೆ.

"ಎಲ್ಲಯ್ಯಾ ಮಾಲೀಕ? ಹೊರಗೆ ಬರಕ್ಕೇಳು ಅವನಿಗೆ!"

"ನಾನೇ ಅಣ್ಣ."

"ನೀನಲ್ಲಪ್ಪ, ನೀನು ನಮ್ಮೋನು. ಮಾಲೀಕ?"

"ಅವನೂ ನಾನೇ."

ಧಿಕ್ಕಾರಣ್ಣ ಗಡ್ಡ ಕೆರೆದುಕೊಂಡ. "ನಿನ್ನ ಮುಖ ನೋಡ್ಕೊಂಡು ಕೂಗಕ್ಕೆ ಮನಸ್ಸು ಬರಲ್ಲ ಕಣೋ. ಸ್ವಲ್ಪ ಗೋಡೆ ಕಡೆ ತಿರುಗಿ ನಿಂತ್ಕೋ." ನಾನು ತಿರುಗಿ ನಿಂತೆ. "ರಕ್ತ ಹೀರುವ ಪ್ರಕಾಶಕನಿಗೆ" ಎಂದು ಅವನು ಕೂಗಿದ. ಎಲ್ಲರೂ "ಧಿಕ್ಕಾರ" ಅಂದರು. ಅಭ್ಯಾಸಬಲದಿಂದ ನಾನೂ ಅಂದೆ. ಕಿಟಕಿಯೊಳಗಿಂದ ಹೆಂಡತಿ ಕರೆದಳು.

"ಧಿಕ್ಕಾರಣ್ಣಾ, ಕೂಗೋದು ಕೂಗಿ. ಒಂಚೂರು ಪಕ್ಕಕ್ಕೆ ನಿಂತ್ಕೊಳ್ಳಿ. ಸೂಜಿಗೆ ಬೆಳಕು ಬರ್ತಿಲ್ಲ."

ಮುಷ್ಕರದ ಹನ್ನೊಂದು ದಿನ ಲೇಖಕ ಒಂದಕ್ಷರವನ್ನೂ ಬರೆಯಲಿಲ್ಲ. ಇದರಿಂದ ಸಮಾಜದ ಮೇಲೆ ಆದ ಪರಿಣಾಮವನ್ನು ಪತ್ತೆಹಚ್ಚಲು ಇಲಾಖೆ ಒಬ್ಬರನ್ನು ನೇಮಿಸಿದೆ. ಅವರು ಇನ್ನೂ ಹುಡುಕುತ್ತಿದ್ದಾರೆ.

ಹನ್ನೆರಡನೇ ದಿನ ಗುಮಾಸ್ತರು ಹೇಳಿಕಳಿಸಿದರು. ಮುಷ್ಕರಕ್ಕೆ ಪ್ರತಿಯಾಗಿ ಬೀಗಮುದ್ರೆ ಘೋಷಿಸದಿದ್ದರೆ ಮಾಲೀಕನನ್ನು ಮಾಲೀಕನೆಂದು ಪರಿಗಣಿಸಲಾಗದು. ನೋಂದಣಿ ತಾನಾಗಿಯೇ ರದ್ದಾಗುತ್ತದೆ. ನೋಂದಣಿ ಹೋದರೆ ಲೇಖಕನೂ ಹೋದ ಹಾಗೆ. ನಾನು ಎಡಗೈಯಲ್ಲಿ ಸಹಿ ಹಾಕಿದೆ. ಕಾಗದ ಓದಲಿಲ್ಲ. ಆ ಕೈಗೆ ಓದುವ ಅಭ್ಯಾಸ ಹೋಗಿತ್ತು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದು ಮುಂದಿನ ಕೋಣೆಗೆ ಬೀಗ ಜಡಿದು ಅರಗು ಹಾಕಿದರು. ಹೆಂಡತಿ ಗುಂಡಿ ತರಲು ಅಂಗಡಿಗೆ ಹೋಗಿದ್ದಳು. ಬಂದು ನೋಡಿದರೆ ಬಾಗಿಲಿಗೆ ಬೀಗ. ಒಳಗೆ ಯಂತ್ರ, ಅದರ ಮೇಲೆ ಕಾಲರ್ ಇಲ್ಲದ ಮೂವತ್ತನಾಲ್ಕು ಅಂಗಿಗಳು.

"ಯಾರು ಹಾಕಿದ್ದು?"

"ಪ್ರಕಾಶಕ," ಅಂದೆ.

ಅವಳು ಜಗಳ ಆಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಜಗಳಕ್ಕೆ ಉತ್ತರ ಕೊಟ್ಟು ಗೊತ್ತು. ಅವಳು ಗುಂಡಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು. ಮಧ್ಯಾಹ್ನ ಒಬ್ಬ ತಾಯಿ ಬಂದು, "ನನ್ನ ಮಗಳ ಬಟ್ಟೆ ಎಲ್ಲಿಗೆ ಬಂತಕ್ಕಾ?" ಎಂದು ಕೇಳಿದಳು.

"ಒಳಗಿದೆ ಕಣಮ್ಮ. ಇವರಿಬ್ರೂ ರಾಜಿ ಆದ್ಮೇಲೆ ಕಾಲರ್ ಬರುತ್ತೆ."

"ಯಾರಿಬ್ರು?"

ಹೆಂಡತಿ ನನ್ನನ್ನು ತೋರಿಸಿದಳು. ಆ ತಾಯಿ ನನ್ನ ಹಿಂದೆ ಇನ್ನೊಬ್ಬನಿಗಾಗಿ ಹುಡುಕಿದಳು.

ಎರಡನೇ ವಿಚಾರಣೆಗೆ ಹೆಂಡತಿಯೂ ಬಂದಳು. ಶಾಲೆ ತೆರೆಯಲು ಹದಿನೆಂಟು ದಿನ ಉಳಿದಿತ್ತು. ನಾನು ಒಳಗೆ ಹೋಗಿ ಕೂತೆ. ಯಾವ ಕುರ್ಚಿ ಎಂದು ಯಾರೂ ಹೇಳಿರಲಿಲ್ಲ. ಮೆತ್ತೆ ತಗುಲಿದಾಗ ಗೊತ್ತಾಯಿತು.

ಮೇಡಂ ಕಡತ ತಿರುವಿ ಹೇಳಿದರು: "ತೊಂದರೆ ಇರೋದು ಒಂದೇ. ಯಂತ್ರ ಸಂಸ್ಥೆಗೆ ಸೇರಿಲ್ಲ. ಅದನ್ನ ಸಂಸ್ಥೆ ಹೆಸರಿಗೆ ಬರೆದುಕೊಟ್ರೆ ಅದು ಅಪಾಯಕಾರಿ ಯಂತ್ರ ಆಗಲ್ಲ, ಉತ್ಪಾದಕ ಯಂತ್ರ ಆಗುತ್ತೆ. ಕಿಟಕಿ ಹತ್ತಿರಾನೇ ಇರಬಹುದು. ಆಡಳಿತ ಪಕ್ಷ ಏನು ಹೇಳುತ್ತೆ?"

"ಸಂಸ್ಥೆಗೆ ಒಪ್ಪಿಗೆ ಇದೆ," ಅಂದೆ ನಾನು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಆಕೆಗೆ ಕೆಲಸದ ಭದ್ರತೆ ಬಗ್ಗೆ ಚಿಂತೆ ಬೇಡ. ನಾವೆಲ್ಲ ಒಂದೇ ಕುಟುಂಬದವರಿದ್ದಂತೆ," ಎಂದೂ ಸೇರಿಸಿದೆ.

ಹೆಂಡತಿ ಬಾಗಿಲ ಬಳಿ ನಿಂತಿದ್ದವಳು ಒಂದು ಹೆಜ್ಜೆ ಮುಂದೆ ಬಂದಳು.

"ಹದಿನೆಂಟು ವರ್ಷ ದಿನಾ ಬಂದು ಆ ಗಿರಣಿ ಮ್ಯಾನೇಜರನ್ನ ಬೈತಿದ್ರಿ. ನಾನು ಹೂಂ ಅಂತ ಕೇಳ್ಕೊಂಡು ಊಟ ಬಡಿಸ್ತಿದ್ದೆ. ಈಗ ಗೊತ್ತಾಯ್ತು. ನಿಮಗೆ ಅವನ ಮೇಲೆ ಸಿಟ್ಟಿರಲಿಲ್ಲ. ಅವನ ಕುರ್ಚಿ ಸಿಕ್ಕಿರಲಿಲ್ಲ, ಅಷ್ಟೇ."

ನಾನು ಎದ್ದೆ. ಆ ಕಡೆ ಹೋಗಿ ಲೇಖಕನ ಕುರ್ಚಿಯಲ್ಲಿ ಕೂತೆ. 'ಕಾರ್ಮಿಕ ಪಕ್ಷ ಮೌನ' ಎಂದು ದಾಖಲಾಯಿತು.

"ಮೇಡಂ, ಒಂದು ಮಾತು," ಅಂದಳು ಹೆಂಡತಿ. "ಯಂತ್ರ ಸಂಸ್ಥೆಗೆ ಸೇರ್ಬೇಕು ಅಂತ ನಿಯಮ ಇದೆಯಾ? ಇಲ್ಲ, ಯಂತ್ರ ಮತ್ತೆ ಸಂಸ್ಥೆ ಎರಡೂ ಒಬ್ಬರದೇ ಆಗಿರ್ಬೇಕು ಅಂತಾನಾ?"

ಮೇಡಂ ಕನ್ನಡಕ ಹಾಕಿಕೊಂಡು ನಿಯಮ ನೋಡಿದರು. ಗುಮಾಸ್ತರನ್ನು ಕರೆಸಿದರು. ಇಬ್ಬರೂ ಸೇರಿ ನೋಡಿದರು.

"ಒಬ್ಬರದೇ ಆಗಿದ್ರೆ ಸಾಕು."

"ಹಾಗಾದ್ರೆ ಸಂಸ್ಥೆ ನನ್ನ ಹೆಸರಿಗೆ ಬರಲಿ. ಯಂತ್ರ ಎಲ್ಲೂ ಹೋಗಲ್ಲ."

"ಪ್ರಕಾಶನ ಮಾಡೋದು ನಿಮಗೆ ಬರುತ್ತೇನಮ್ಮ?"

"ಐನೂರು ಮಾಡಿದ್ದೀನಿ."

ಮೇಡಂ ನನ್ನನ್ನು ನೋಡಿದರು. ಸಂಸ್ಥೆ ಹೋದರೆ ಪ್ರಕಾಶಕ ಹೋಗುತ್ತಾನೆ. ಲೇಖಕ ಉಳಿಯುತ್ತಾನೆ, ಆದರೆ ಅವಳ ಕೈಕೆಳಗೆ. ನನಗೆ ಆ ಹೊತ್ತಿನಲ್ಲಿ ಯಾವ ತತ್ವವೂ ನೆನಪಾಗಲಿಲ್ಲ. ಮೂವತ್ತನಾಲ್ಕು ಅಂಗಿ ನೆನಪಾಯಿತು. ಎಡಗೈಯಲ್ಲಿ ಹಸ್ತಾಂತರಕ್ಕೆ ಸಹಿ ಹಾಕಿದೆ. ಕಾರ್ಮಿಕನ ಆಕ್ಷೇಪಣೆ ಇಲ್ಲವೆಂದು ಬಲಗೈಯಲ್ಲಿ ಹಾಕಿದೆ. ಜವಾನ ಟೀ ತಂದವನು ಒಂದು ಕ್ಷಣ ನಿಂತು ಯೋಚಿಸಿ, ಹೆಂಡತಿಗೆ ಕೊಟ್ಟ.

ಮಧ್ಯಾಹ್ನ ಅರಗು ಒಡೆಯಿತು. ಹೊಸ ಆಡಳಿತ ಲೇಖಕನ ಎಲ್ಲ ಬೇಡಿಕೆಗಳನ್ನೂ ಒಪ್ಪಿತು. ದಿನಕ್ಕೆ ಎರಡು ಗಂಟೆ ಬರೆಯುವ ಕೆಲಸ, ಹಿಂದಿನ ಕೋಣೆಯಲ್ಲಿ. ವಾರಕ್ಕೊಂದು ರಜೆ ಕಡ್ಡಾಯ. ಆ ದಿನ ಯೋಚನೆ ಮಾಡುವುದೂ ನಿಷಿದ್ಧ. ಉಳಿದ ಹೊತ್ತಿನಲ್ಲಿ ಲೇಖಕನನ್ನು ಗುಂಡಿ ವಿಭಾಗಕ್ಕೆ ನಿಯೋಜಿಸಲಾಗಿದೆ. ಮೊದಲ ದಿನ ನಾನು ಹೊಲಿದ ಗುಂಡಿಗಳನ್ನು ಆಡಳಿತ ಪರಿಶೀಲಿಸಿ, "ಇದೂ ಒಂದು ಗುಂಡೀನಾ?" ಎಂದು ಕೇಳಿತು. ನಾನು ಕಿತ್ತು ಮತ್ತೆ ಹೊಲಿದೆ. ಸಮವಸ್ತ್ರಗಳು ಶಾಲೆ ತೆರೆಯುವ ಹಿಂದಿನ ದಿನ ಹೋದವು.

ವಾಚನಾಲಯಗಳಿಗೆ ಪುಸ್ತಕ ಕೊಳ್ಳುವ ಯೋಜನೆ ಈ ನಡುವೆ ಯಾವಾಗಲೋ ರದ್ದಾಗಿತ್ತು. ಯಾರೂ ಗಮನಿಸಿರಲಿಲ್ಲ, ನಾನೂ.

ವರ್ಷದ ಕೊನೆಗೆ ಸಂಸ್ಥೆಯ ವರದಿ ಸಲ್ಲಿಸಬೇಕಾಯಿತು. ನಮೂನೆಯಲ್ಲಿ 'ಉತ್ಪನ್ನ' ಎಂಬುದಕ್ಕೆ ಒಂದೇ ಅಂಕಣ ಇತ್ತು. ಪುಸ್ತಕ, ಅಂಗಿ ಎರಡೂ ಒಂದೇ ಯಂತ್ರದಲ್ಲಿ ಒಂದೇ ದಾರದಿಂದ ಹೊಲಿದವು ಎಂಬ ಕಾರಣಕ್ಕೆ ಗುಮಾಸ್ತರು ಅವುಗಳನ್ನು ಕೂಡಿಸಿ ಬರೆದರು. ಇಲಾಖೆ ಅದನ್ನು ಪರಿಶೀಲಿಸಿ, ಸ್ವಂತ ಪ್ರಕಾಶನದಿಂದ ಸಂಸಾರ ಸಾಗಿಸುತ್ತಿರುವ ಏಕೈಕ ಲೇಖಕ ಎಂದು ನನಗೆ ಪ್ರಮಾಣಪತ್ರ ಕೊಟ್ಟಿತು. ಅಷ್ಟೇ ಅಲ್ಲ, ಹೊಸ ಬರಹಗಾರರಿಗೆ ತಿಂಗಳಿಗೊಮ್ಮೆ 'ಬರೆದು ಬದುಕುವ ಬಗೆ' ಎಂಬ ವಿಷಯದ ಮೇಲೆ ಉಪನ್ಯಾಸ ಕೊಡಲು ನೇಮಿಸಿತು. ಆಡಳಿತ ಅನುಮತಿ ನೀಡಿತು.

"ಹೋಗ್ಬನ್ನಿ. ಆದ್ರೆ ಜಾಸ್ತಿ ಎಳೀಬೇಡಿ, ತೋಳಿನ ಗುಂಡಿ ಹಾಗೇ ಉಳಿದಿದೆ."

ಮೊದಲ ಉಪನ್ಯಾಸಕ್ಕೆ ನಲವತ್ತು ಜನ ಬಂದಿದ್ದರು. ಪ್ರತಿಯೊಬ್ಬರ ತೊಡೆಯ ಮೇಲೂ ಒಂದು ಹಸ್ತಪ್ರತಿ. ಕೆಲವರ ಮುಖ ನೋಡಿದರೇ ಅವರು ಈಗಾಗಲೇ ಐನೂರು ಪ್ರತಿ ಅಚ್ಚು ಹಾಕಿಸಿದ್ದಾರೆ ಎಂದು ಗೊತ್ತಾಗುತ್ತಿತ್ತು. ನಾನು ಇಲಾಖೆಯ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊನೆಗೆ ಮುಂದಿನ ಸಾಲಿನ ಒಬ್ಬಾಕೆ ಎದ್ದು ನಿಂತಳು.

"ಸಾರ್, ಈ ವರ್ಷ ನಿಮ್ಮ ಸಂಸ್ಥೆಯಿಂದ ಎಷ್ಟು ಹೋಗಿದೆ?"

"ಇನ್ನೂರ ಹತ್ತು ಜೊತೆ," ಅಂದೆ.

ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

"ಯಾವ ಓದುಗರಿಂದ ಬೇಡಿಕೆ ಜಾಸ್ತಿ ಸಾರ್?"

"ಎಂಟರಿಂದ ಹತ್ತು ವರ್ಷದವರು. ಮೊಣಕೈ ಹತ್ತಿರ ಬೇಗ ಸವೆಯುತ್ತೆ."

ಎಲ್ಲರೂ ಬರೆದುಕೊಂಡರು.